ಸೋಡಚೀಟಿ ಬರೆಸಿದರೆ ಡೈವೋರ್ಸ್ ಆಯ್ತಾ? ಮಕ್ಕಳಿರುವ ದಂಪತಿಗೆ ಹಂತ ಹಂತದ ಮಾಹಿತಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದೇ. "ಹಿರಿಯರ ಮುಂದೆ ಕೂತು ಬಾಂಡ್ ಪೇಪರ್ ಮೇಲೆ ಬರೆದು ಇಬ್ಬರೂ ಸಹಿ ಮಾಡಿದ್ದೇವೆ. ಇನ್ನೂ ಕೋರ್ಟಿಗೆ ಹೋಗಬೇಕಾ?"

ಹೋಗಬೇಕು. ಅದರಲ್ಲೂ ಮಕ್ಕಳಿದ್ದರೆ ಖಂಡಿತ ಹೋಗಬೇಕು. ಯಾಕೆ, ಹೇಗೆ, ಎಲ್ಲಿ ಜನ ಎಡವುತ್ತಾರೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದು ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಡುವವರಿಗೆ. ಲಿಂಗಾಯತರು, ಜೈನರು, ಬೌದ್ಧರು ಕೂಡ ಇದರಲ್ಲೇ ಬರುತ್ತಾರೆ. ಮುಸ್ಲಿಂ ಮತ್ತು ಕ್ರೈಸ್ತರಿಗೆ ವಿಚ್ಛೇದನದ ಕಾನೂನು ಬೇರೆ ಇದೆ, ಆದರೆ ಕೆಳಗೆ ಹೇಳಿರುವ ಉಚಿತ ಕಾನೂನು ನೆರವು ಮತ್ತು ಕೌಟುಂಬಿಕ ದೌರ್ಜನ್ಯದ ವಿಷಯ ಅವರಿಗೂ ಅನ್ವಯಿಸುತ್ತದೆ.

1. ಮೊದಲು ಆ ಬಾಂಡ್ ಪೇಪರ್ ಏನು ಅಂತ ತಿಳಿದುಕೊಳ್ಳಿ

ನಮ್ಮ ಕಡೆ ಇದನ್ನು ಸೋಡಚೀಟಿ ಅಂತಾರೆ, ಕೆಲವರು ಬಿಡುಗಡೆ ಪತ್ರ ಅಂತಾರೆ. ನೋಟರಿ ಸಿಕ್ಕಾ ಹೊಡೆದರೂ ಅದು ಡೈವೋರ್ಸ್ ಅಲ್ಲ. ಒಂದು ವಿನಾಯಿತಿ ಇದೆ. ಕಾಯ್ದೆಯ 29ನೇ ಕಲಂ, ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಕೊಂಡು ಬಂದ ಬಿಡುಗಡೆ ಪದ್ಧತಿಯನ್ನು ಉಳಿಸಿದೆ. ಆದರೆ "ನಮ್ಮಲ್ಲಿ ಹಾಗೇ ನಡೀತದೆ" ಅಂದರೆ ಸಾಲದು. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ, ಆ ಪದ್ಧತಿ ನಿಮ್ಮ ಸಮುದಾಯದಲ್ಲಿ ಬಹಳ ಕಾಲದಿಂದ ತಪ್ಪದೆ ನಡೆದಿದೆ ಅಂತ ಸಾಕ್ಷಿ ಸಮೇತ ತೋರಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ಅದು ಸುಲಭ ಅಲ್ಲ.

ತೋರಿಸಲು ಆಗದಿದ್ದರೆ ಮೊದಲ ಮದುವೆ ಹಾಗೇ ಉಳಿಯುತ್ತದೆ. ಆಮೇಲೆ ಮಾಡಿಕೊಂಡ ಮದುವೆ ಅನೂರ್ಜಿತ, ಅಂದರೆ ಕಾನೂನಿನ ಲೆಕ್ಕದಲ್ಲಿ ಆಗೇ ಇಲ್ಲ. ಅದು ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು ಆಗಬಹುದು. ಸರ್ಕಾರಿ ನೌಕರರಿದ್ದರೆ ನೌಕರಿಗೇ ಕುತ್ತು. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯವರು ಬಹಳ ಇದ್ದಾರೆ, ಅವರು ಇದನ್ನು ಗಮನಿಸಲೇಬೇಕು: ನೌಕರ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಇಬ್ಬರು ಹೆಣ್ಣುಮಕ್ಕಳು ಅರ್ಜಿ ಹಿಡಿದು ನಿಂತಾಗ, ಸೋಡಚೀಟಿ ನಂಬಿ ಎರಡನೇ ಮದುವೆಯಾದವಳ ಕೈ ಖಾಲಿ ಉಳಿಯುವ ಸಾಧ್ಯತೆಯೇ ಜಾಸ್ತಿ. ತಪ್ಪು ಯಾರದೋ, ಬೀದಿಗೆ ಬೀಳುವವಳು ಅವಳು. ಇಂಥ ಮದುವೆಯ ಮಕ್ಕಳನ್ನು ಮಾತ್ರ ಕಾನೂನು ಕೈಬಿಡುವುದಿಲ್ಲ. ಅಪ್ಪ ಅಮ್ಮನ ಪಾಲಿಗೆ ಬರುವ ಆಸ್ತಿಯಲ್ಲಿ ಅವರಿಗೂ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟ ಮಾಡಿದೆ.

ಹಾಗಂತ ಹಿರಿಯರು ಕೂತು ಮಾತಾಡಿದ್ದು ವ್ಯರ್ಥ ಅಲ್ಲ. ಅಲ್ಲಿ ಆದ ಒಪ್ಪಂದವನ್ನೇ ಕೋರ್ಟಿಗೆ ಒಯ್ಯಬಹುದು. ಅಲ್ಲಿಗೇ ನಿಲ್ಲಿಸಬೇಡಿ, ಅಷ್ಟೇ.

2. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮೊದಲ ಕೆಲಸ ಡೈವೋರ್ಸ್ ಅಲ್ಲ

ಮೊದಲು ಸುರಕ್ಷಿತವಾಗಿರಬೇಕು. ತುರ್ತು ಇದ್ದರೆ 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರುತ್ತಾರೆ. ದೂರು ಬರೆದುಕೊಂಡು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಒಯ್ಯುವುದು ಅವರ ಕೆಲಸ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ನೋಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಆಫೀಸು ಎಲ್ಲಿದೆ ಅಂತ ಹೇಳುತ್ತಾರೆ. ಈ ಕಾಯ್ದೆಯಲ್ಲಿ ರಕ್ಷಣೆ, ಮನೆಯಲ್ಲೇ ಇರುವ ಹಕ್ಕು, ಖರ್ಚಿಗೆ ದುಡ್ಡು, ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಹತ್ತಿರ ಇಟ್ಟುಕೊಳ್ಳುವ ಆದೇಶ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ, ನೀವು ಸಂಸಾರ ಮಾಡಿದ ಮನೆಯಾದರೆ ಕಾನೂನಿನ ಕ್ರಮ ಬಿಟ್ಟು ನಿಮ್ಮನ್ನು ಹೊರಗೆ ಹಾಕುವಂತಿಲ್ಲ.

ಹೆದರಿಕೆಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹೊಡೆಯುವವರ ಜೊತೆ "ಒಪ್ಪಿಗೆ ಡೈವೋರ್ಸ್"ಗೆ ಅವಸರದಿಂದ ಸಹಿ ಹಾಕಬೇಡಿ.

3. ದಿನ ಲೆಕ್ಕ ಹಾಕಿ, ಕಾಗದ ಕೂಡಿಸಿ

ಒಪ್ಪಿಗೆಯ ವಿಚ್ಛೇದನ ಕಾಯ್ದೆಯ 13ಬಿ ಕಲಂನಲ್ಲಿದೆ. ಅರ್ಜಿ ಹಾಕುವ ಹೊತ್ತಿಗೆ ನೀವು ಕನಿಷ್ಠ 1 ವರ್ಷದಿಂದ ಬೇರೆ ಇರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಯಾವತ್ತಿನಿಂದ ಬೇರೆ ಅನ್ನುವ ತಾರೀಖಿನಲ್ಲಿ ಇಬ್ಬರೂ ಒಂದೇ ಮಾತು ಹೇಳಬೇಕು. ಅಲ್ಲೇ ತೊಡಕು ಬರುವುದು. ಬೇಗ ಮುಗಿಯಲಿ ಅಂತ ತಾರೀಖು ಹಿಂದೆ ಸರಿಸಬೇಡಿ. ಅದು ಪ್ರಮಾಣ ಮಾಡಿ ಹೇಳುವ ಸುಳ್ಳಾಗುತ್ತದೆ.

ಬೇಕಾಗುವ ಕಾಗದಗಳು ಹೆಚ್ಚೇನಿಲ್ಲ. ಲಗ್ನಪತ್ರಿಕೆ, ಮದುವೆ ಫೋಟೋ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ. ಮದುವೆ ನೋಂದಣಿ ಆಗಿಲ್ಲ ಅಂತ ಗಾಬರಿ ಬೇಡ, ಫೋಟೋ ಮತ್ತು ಪತ್ರಿಕೆಯಿಂದ ನಡೆಯುತ್ತದೆ. ದುಡ್ಡಿನ ವಿಷಯಕ್ಕೆ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸಾಲದ ಕಾಗದ, ಹೊಲ ಮನೆಯ ಉತಾರ ಬೇಕು. ಮನೆ ಬಿಟ್ಟು ಬರುವ ಹೆಣ್ಣುಮಕ್ಕಳು ಮಕ್ಕಳ ಕಾಗದಪತ್ರದ ಫೋಟೋವನ್ನಾದರೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಶಾಲೆ ಬದಲಿಸುವಾಗ ಅದಿಲ್ಲದೆ ಪಡುವ ಕಷ್ಟ ಅಷ್ಟಿಷ್ಟಲ್ಲ.

4. ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು

ಅರ್ಜಿ ಕುಟುಂಬ ನ್ಯಾಯಾಲಯಕ್ಕೆ. ನಿಮ್ಮೂರಿಗೆ ಅದಿಲ್ಲದಿದ್ದರೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ. ಮದುವೆ ನಡೆದ ಊರು, ಕೊನೆಗೆ ಜೊತೆಯಾಗಿದ್ದ ಊರು, ಎದುರು ಪಕ್ಷದವರು ಈಗಿರುವ ಊರು, ಯಾವುದಾದರೂ ಆಗುತ್ತದೆ. ಅರ್ಜಿದಾರಳು ಹೆಂಡತಿಯಾದರೆ ಅವಳು ಈಗ ಇರುವ ಊರಿನಲ್ಲೂ ಹಾಕಬಹುದು. ಗದಗಿನಲ್ಲಿ ಲಗ್ನವಾಗಿ ಬೆಂಗಳೂರಿನಲ್ಲಿ ಸಂಸಾರ ಮಾಡಿ ಈಗ ತವರಿಗೆ ರಾಣೆಬೆನ್ನೂರಿಗೆ ಬಂದಿದ್ದರೆ, ಹಾವೇರಿ ಜಿಲ್ಲೆಯಲ್ಲೇ ಕೇಸು ನಡೆಸಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ವಕೀಲರ ಫೀಗೆ ಹೆದರಿ ಸೋಡಚೀಟಿಗೆ ಕೈ ಹಾಕುವವರೇ ಬಹಳ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತವಾಗಿ ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ ಇರುತ್ತದೆ. ಫೋನ್ ನಂಬರ್ 15100.

ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಅಂತ ಹೇಳುವವರಿದ್ದಾರೆ. ಮಕ್ಕಳು, ಆಸ್ತಿ ಏನೂ ಇಲ್ಲದಿದ್ದರೆ ನಡೆದೀತು. ಇದ್ದರೆ ಬೇಡ. ಒಪ್ಪಂದದ ಕರಡನ್ನು ನಿಮ್ಮ ಕಡೆಯಿಂದ ಮಾತ್ರ ಯೋಚಿಸುವ ಒಬ್ಬರಾದರೂ ಓದಬೇಕು.

5. ಮಕ್ಕಳ ವಿಷಯ: ಇಲ್ಲಿ ಪುಟ ಎಷ್ಟಾದರೂ ಆಗಲಿ, ಬರೆಯಿರಿ

ಎಲ್ಲಕ್ಕಿಂತ ಮುಖ್ಯ ಇದೇ, ಎಲ್ಲಕ್ಕಿಂತ ಕಡಿಮೆ ಬರೆಯುವುದೂ ಇದನ್ನೇ. ಬಂಗಾರದ ಪಟ್ಟಿ ಮೂರು ಪುಟ ಇರುತ್ತದೆ, ಮಗುವಿನ ಬಗ್ಗೆ "ಮಗು ತಾಯಿಯ ಹತ್ತಿರ ಇರತಕ್ಕದ್ದು, ತಂದೆ ಆಗಾಗ ಬಂದು ನೋಡತಕ್ಕದ್ದು" ಅಂತ ಒಂದೇ ಸಾಲು. "ಆಗಾಗ" ಅಂದರೆ ಯಾವಾಗ? ಮುಂದಿನ ಹತ್ತು ವರ್ಷದ ಜಗಳ ಪೂರಾ ಆ ಒಂದು ಸಾಲಿನಿಂದ ಹುಟ್ಟುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಮೊದಲು ನೋಡಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಪ್ರಕಾರ 5 ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದರ ಮೇಲಿನ ವಯಸ್ಸಿಗೆ "ಗಂಡುಮಗು ಅಪ್ಪನಿಗೆ, ಹೆಣ್ಣುಮಗು ಅಮ್ಮನಿಗೆ" ಅನ್ನುವ ನಿಯಮ ಎಲ್ಲೂ ಇಲ್ಲ, ಅದು ಸುಮ್ನೆ ಬಾಯಿಮಾತು. ಕೋರ್ಟ್ ನೋಡುವುದು ಮಗುವಿನ ಹಿತ. ಯಾರ ಸಂಬಳ ಜಾಸ್ತಿ ಅನ್ನುವುದೊಂದೇ ಅದನ್ನು ತೀರ್ಮಾನಿಸುವುದಿಲ್ಲ. ತಿಳಿವಳಿಕೆ ಬಂದ ಮಗುವಿನ ಮಾತನ್ನೂ ನ್ಯಾಯಾಧೀಶರು ಕೇಳಬಹುದು. ಮಗುವಿಗೆ ಹೇಳಿಕೊಟ್ಟು ಕಳಿಸಬೇಡಿ. ಅವರಿಗೆ ಗೊತ್ತಾಗುತ್ತದೆ, ಮತ್ತು ಆ ಭಾರ ಮಗುವಿನ ತಲೆ ಮೇಲೆ ಬಹಳ ವರ್ಷ ಉಳಿಯುತ್ತದೆ.

ಕೋರ್ಟಿನ ಭಾಷೆಯಲ್ಲಿ ಎರಡು ಪದ ಕೇಳುತ್ತೀರಿ. ಕಸ್ಟಡಿ ಅಂದರೆ ಮಗು ದಿನನಿತ್ಯ ಯಾರ ಹತ್ತಿರ ಇರುತ್ತದೆ ಅನ್ನುವುದು. ವಿಸಿಟೇಷನ್ ಅಂದರೆ ಇನ್ನೊಬ್ಬರು ಭೇಟಿ ಮಾಡುವ ಹಕ್ಕು. ಒಪ್ಪಂದದಲ್ಲಿ ಭೇಟಿಯ ಬಗ್ಗೆ ಹೀಗೆ ಬರೆಯಿರಿ: ಯಾವ ವಾರ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ರಾತ್ರಿ ಉಳಿಯಬಹುದಾ? ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ? ಹಬ್ಬಗಳನ್ನು ಹೆಸರಿಟ್ಟು ಬರೆಯಿರಿ. ನಾಗರ ಪಂಚಮಿಗೆ ಮಗು ಅಮ್ಮನ ಜೊತೆ ಅವಳ ತವರಿನಲ್ಲಾ, ದೀಪಾವಳಿಗೆ ಅಜ್ಜ ಅಜ್ಜಿ ಹತ್ತಿರವಾ, ಊರ ಜಾತ್ರೆಗೆ ಯಾರು ಕರೆದೊಯ್ಯುತ್ತಾರೆ, ಹುಟ್ಟುಹಬ್ಬ ಯಾರ ಮನೆಯಲ್ಲಿ. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು, ಆದರೆ ಜಗಳ ಆಗುವುದು ಹಬ್ಬದ ದಿನವೇ ಅಲ್ವಾ?

ಮಗುವನ್ನು ಎಲ್ಲಿ ಒಪ್ಪಿಸಬೇಕು, ಕರೆತರುವ ಖರ್ಚು ಯಾರದು ಅಂತಲೂ ಬರೆಯಿರಿ. ಒಬ್ಬರು ಧಾರವಾಡ, ಇನ್ನೊಬ್ಬರು ಹುಬ್ಬಳ್ಳಿ ಆದರೆ ತೊಂದರೆ ಕಡಿಮೆ, ಚಿಗರಿ ಬಸ್ಸಿನಲ್ಲಿ ಹೋಗಿ ಬರಬಹುದು. ಒಬ್ಬರು ಗದಗ, ಇನ್ನೊಬ್ಬರು ಬೆಂಗಳೂರು ಆದರೆ ತಿಂಗಳಿಗೆ ನಾಲ್ಕು ಭೇಟಿ ಅಂತ ಬರೆದರೂ ನಡೆಯುವುದಿಲ್ಲ. ಆಗದ್ದನ್ನು ಬರೆಯಬೇಡಿ. ತಿಂಗಳಿಗೊಂದು ಭೇಟಿ, ದಿನಕ್ಕೊಂದು ವಿಡಿಯೋ ಕಾಲ್, ರಜೆಯಲ್ಲಿ ಹೆಚ್ಚು ದಿನ, ಹೀಗೆ ಮಾಡಿಕೊಳ್ಳಿ. ಇಬ್ಬರ ನಡುವೆ ಮಾತು ನಿಂತಿದ್ದರೆ, ಒಪ್ಪಿಸುವ ಜಾಗ ಯಾರದೇ ಮನೆ ಬಾಗಿಲು ಆಗದಿರಲಿ. ಇಬ್ಬರೂ ನಂಬುವ ಒಬ್ಬ ಬಂಧುವಿನ ಮನೆ ಒಳ್ಳೆಯದು.

ಇನ್ನೂ ಉಳಿದದ್ದು: ಶಾಲೆ ಬದಲಿಸುವಾಗ ಇಬ್ಬರ ಒಪ್ಪಿಗೆ ಬೇಕಾ, ದೊಡ್ಡ ಚಿಕಿತ್ಸೆಯ ತೀರ್ಮಾನ ಯಾರದು, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಯಾರು ಹಾಕಬೇಕು, ಒಬ್ಬರು ಮರುಮದುವೆ ಆದರೆ ಅಥವಾ ಬೇರೆ ಊರಿಗೆ ಹೋದರೆ ಏನು. ಮಕ್ಕಳು ಬೆಳೆದಂತೆ ಅಗತ್ಯ ಬದಲಾಗುತ್ತದೆ. ಕಸ್ಟಡಿ ಆದೇಶವನ್ನು ಮುಂದೆ ಬದಲಿಸಲು ಕೋರ್ಟಿಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ. ಖರ್ಚಿನ ದುಡ್ಡು ಬಂದಿಲ್ಲ ಅಂತ ಮಗುವನ್ನು ತೋರಿಸದೇ ಇರುವುದು, ಮಗುವನ್ನು ತೋರಿಸಿಲ್ಲ ಅಂತ ದುಡ್ಡು ನಿಲ್ಲಿಸುವುದು, ಎರಡೂ ತಪ್ಪು. ಅವೆರಡೂ ಮಗುವಿನ ಹಕ್ಕು, ಒಂದಕ್ಕೊಂದು ಅಡ ಇಡುವಂಥದ್ದಲ್ಲ. ಯಾವುದು ತಪ್ಪಿದರೂ ಕೋರ್ಟಿಗೆ ಹೋಗಿ, ನೀವೇ ಶಿಕ್ಷೆ ಕೊಡಬೇಡಿ.

6. ದುಡ್ಡು, ಬಂಗಾರ, ಹೊಲ

ಜೀವನಾಂಶ ಅಂದರೆ ಬದುಕಿನ ಖರ್ಚಿಗೆ ಕೊಡುವ ಹಣ. ಸಂಬಳದ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಬಗ್ಗೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಕೊಡಲೇಬೇಕು, ಹಣ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಆಗಬೇಕು ಅಂತ ಹೇಳಿದೆ. ಒಪ್ಪಿಗೆಯ ಕೇಸಿನಲ್ಲೂ ಆ ಪಟ್ಟಿಯನ್ನು ಪರಸ್ಪರ ಕೇಳಿ ಪಡೆಯುವುದು ಒಳ್ಳೆಯದು. ಹೆಂಡತಿ ದುಡಿಯುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ.

ಒಂದೇ ಸಲ ಮೊತ್ತ ಕೊಟ್ಟು ಮುಗಿಸುವುದು ನಮ್ಮ ಕಡೆ ರೂಢಿ. ಹೆಂಡತಿಯ ಪಾಲಿಗೆ ಅದು ಸರಿ. ಮಕ್ಕಳ ಹಣವನ್ನು ಮಾತ್ರ ಬೇರೆ ಬರೆಯಿರಿ, ಪ್ರತಿ ವರ್ಷ ಎಷ್ಟು ಏರಬೇಕು ಅಂತಲೂ ಬರೆಯಿರಿ. "ಮಗುವಿನ ಖರ್ಚು ಮುಂದೆಂದೂ ಕೇಳುವುದಿಲ್ಲ" ಅಂತ ತಾಯಿಯಿಂದ ಬರೆಸಿಕೊಂಡರೂ ಮಗುವಿನ ಹಕ್ಕು ಹೋಗುವುದಿಲ್ಲ, ಅದು ತಾಯಿ ಬಿಟ್ಟುಕೊಡಬಹುದಾದ ಹಕ್ಕೇ ಅಲ್ಲ. ಪಿತ್ರಾರ್ಜಿತ ಹೊಲದಲ್ಲಿ ಮಕ್ಕಳ ಪಾಲೂ ಹಾಗೆಯೇ. ಹೆಣ್ಣುಮಗುವಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ತಂದೆ ತಾಯಿ ಬೇರೆಯಾದರೂ ಆ ಪಾಲು ಕರಗುವುದಿಲ್ಲ. ಮಗುವಿನ ಹೆಸರಿಗೆ ಬಂದ ಹೊಲ ಮನೆಯನ್ನು ಪೋಷಕರು ಮಾರಬೇಕಾದರೆ ಮೊದಲು ಕೋರ್ಟಿನ ಅನುಮತಿ ಬೇಕು.

"ಸುಕನ್ಯಾ ಸಮೃದ್ಧಿಗೆ ಕಟ್ಟುತ್ತೇನೆ, ತಿಂಗಳ ಖರ್ಚು ಕೊಡುವುದಿಲ್ಲ" ಅನ್ನುವ ಅಪ್ಪಂದಿರ ಮಾತಿಗೆ ಒಪ್ಪಬೇಡಿ. ಆ ಖಾತೆ ಒಳ್ಳೆಯದೇ. ಆದರೆ ಆ ಹಣ ಮಗಳು ದೊಡ್ಡವಳಾಗುವವರೆಗೆ ಕೈಗೆ ಸಿಗುವುದಿಲ್ಲ, ಈ ತಿಂಗಳ ಶಾಲಾ ಫೀ ಅದರಿಂದ ಕಟ್ಟಲು ಆಗುವುದಿಲ್ಲ.

ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಬಂಗಾರ ಸ್ತ್ರೀಧನ, ಅಂದರೆ ಪೂರ್ತಿ ಅವಳದೇ. ತೂಕ ಸಹಿತ ಪಟ್ಟಿ ಮಾಡಿ, ಕೊಟ್ಟ ದಿನ ಸಹಿ ಪಡೆಯಿರಿ. ಹಣವನ್ನು ಡಿಡಿ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ಅರ್ಧ ಮೊದಲ ಹಂತದಲ್ಲಿ, ಉಳಿದರ್ಧ ಕೊನೆಯ ಹೇಳಿಕೆಯ ದಿನ (ಈ ಹಂತಗಳು ಏನು ಅಂತ 7ರಲ್ಲಿ ಬರೆದಿದ್ದೇನೆ). ಕೈಯಲ್ಲಿ ರೊಕ್ಕ ಕೊಟ್ಟು "ಹಿರಿಯರು ಸಾಕ್ಷಿ" ಅಂದರೆ ನಾಳೆ ಯಾರೂ ಸಾಕ್ಷಿಗೆ ಬರುವುದಿಲ್ಲ.

ಮನೆಯನ್ನೋ ಸೈಟನ್ನೋ ಹೆಂಡತಿ ಹೆಸರಿಗೆ ಮಾಡುವುದಿದ್ದರೆ ಡಿಕ್ರಿಗೆ, ಅಂದರೆ ಮದುವೆ ಮುಗಿದ ಆದೇಶಕ್ಕೆ ಮೊದಲೇ, ಗಂಡ ಹೆಂಡತಿ ಆಗಿರುವಾಗಲೇ ದಾನಪತ್ರ ನೋಂದಣಿ ಮಾಡಿಸಿ. ಕುಟುಂಬದವರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಡಿಕ್ರಿ ಆದ ಮೇಲೆ ಆಕೆ ಕಾನೂನಿನಲ್ಲಿ ಕುಟುಂಬದವಳಲ್ಲ. ಆಸ್ತಿ ಪಡೆದ ಮೇಲೆ ಆಕೆ ಒಪ್ಪಿಗೆ ಹಿಂದೆ ಪಡೆದರೆ ಅನ್ನುವ ಕೊಡುವವರ ಭಯ ತಪ್ಪಿಸಲು ಕೊನೆಯ ಹೇಳಿಕೆಯ ದಿನಕ್ಕೆ ಹತ್ತಿರವಾಗಿ ನೋಂದಣಿ ಇಟ್ಟುಕೊಳ್ಳಿ.

7. ಅರ್ಜಿಯಿಂದ ಡಿಕ್ರಿವರೆಗೆ

ಇಬ್ಬರೂ ಸೇರಿ ಒಂದೇ ಅರ್ಜಿ. ಮೊದಲ ಹಂತದಲ್ಲಿ ಇಬ್ಬರೂ ಹಾಜರಾಗಿ ಹೇಳಿಕೆ ಕೊಡುತ್ತೀರಿ. ಕೋರ್ಟ್ ಮಧ್ಯಸ್ಥಿಕೆಗೆ ಕಳಿಸಬಹುದು, ಅಂದರೆ ತರಬೇತಾದ ಒಬ್ಬರು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ, ಹಾಗಾಗಿ ಮನಸ್ಸು ಬಿಚ್ಚಿ ಮಾತಾಡಿ. ಅರ್ಜಿ ಹಾಕಿದ ದಿನದಿಂದ 6 ತಿಂಗಳು ಕಾಯಬೇಕು. ಅರ್ಜಿ ಹಾಕಿದ 18 ತಿಂಗಳೊಳಗೆ ಎರಡನೇ ಹಂತಕ್ಕೆ ಬರಬೇಕು. ಅಲ್ಲಿ ಮತ್ತೆ ಇಬ್ಬರೂ ಒಪ್ಪಿಗೆ ಇದೆ ಅಂದರೆ ಡಿಕ್ರಿ ಆಗುತ್ತದೆ.

6 ತಿಂಗಳ ಕಾಯುವಿಕೆಯನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಅದು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಸೋತಿರಬೇಕು, ಮಕ್ಕಳು ಮತ್ತು ಹಣದ ವಿಷಯ ಪೂರ್ತಿ ತೀರಿರಬೇಕು. "ಒಂದೇ ತಿಂಗಳಲ್ಲಿ ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುವವರಿಂದ ದೂರ ಇರಿ.

ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದೆ ಪಡೆಯಬಹುದು. ಇದು ನೆನಪಿರಲಿ.

ಇನ್ನೊಂದು ದೊಡ್ಡ ತೊಡಕು ಹಳೆಯ ಪೊಲೀಸ್ ಕೇಸು. ಹಿಂದೆ 498ಎ ಅಂತ ಕರೆಯುತ್ತಿದ್ದ ಕಿರುಕುಳದ ಕೇಸು ಇದ್ದರೆ, ಇಬ್ಬರೂ ರಾಜಿ ಆದರೂ ಅದು ಠಾಣೆಯಲ್ಲೇ ಮುಗಿಯುವುದಿಲ್ಲ. ಅದನ್ನು ರದ್ದು ಮಾಡಿಸಲು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಅದಕ್ಕೆ ಸಹಕರಿಸುತ್ತೇವೆ ಅಂತ ಒಪ್ಪಂದದಲ್ಲೇ ಬರೆಸಿ.

ಒಬ್ಬರು ಒಪ್ಪದಿದ್ದರೆ 13ನೇ ಕಲಂನ ಕೇಸು ಹಾಕಬೇಕು: ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ವ್ಯಭಿಚಾರ ಮುಂತಾದ ಕಾರಣ ಸಾಬೀತು ಮಾಡಬೇಕು. ಸಮಯ ಜಾಸ್ತಿ ಹಿಡಿಯುತ್ತದೆ. ಅಂಥ ಡಿಕ್ರಿ ಬಂದ ಮೇಲೆ ಮೇಲ್ಮನವಿಯ ಅವಧಿ ಮುಗಿಯದೆ ಮರುಮದುವೆ ಆಗಬೇಡಿ. 90 ದಿನ ಕಾದು, ಮೇಲ್ಮನವಿ ಹಾಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಕ್ಷೇಮ.

8. ಬೇರೆಯಾದ ದಿನದಿಂದಲೇ ಮುಂದಿನದನ್ನು ಯೋಚಿಸಿ

ಡಿಕ್ರಿಗೆ ಮೊದಲು ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಕಾನೂನಿನ ಪ್ರಕಾರ ವಾರಸುದಾರರೇ. ಹತ್ತು ವರ್ಷದಿಂದ ಮುಖ ನೋಡದಿದ್ದರೂ ಸರಿ. ಅದು ಬೇಡ ಅನ್ನುವವರು ಉಯಿಲು, ಅಂದರೆ ಮರಣಪತ್ರ, ಬರೆದಿಡಬೇಕು. ಬಿಳಿ ಹಾಳೆ ಸಾಕು, ಬಾಂಡ್ ಪೇಪರ್ ಬೇಕಿಲ್ಲ. ಇಬ್ಬರು ಸಾಕ್ಷಿಗಳು ನಿಮ್ಮ ಸಹಿ ನೋಡಿ ತಾವೂ ಸಹಿ ಹಾಕಬೇಕು. ಆಸ್ತಿ ಪಡೆಯುವವರೇ ಸಾಕ್ಷಿ ಆಗದಿರಲಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಡೈವೋರ್ಸ್‌ಗೆ ಮೊದಲು ಬರೆದ ಹಳೆಯ ಉಯಿಲು ಇದ್ದರೆ ಹೊಸದು ಬರೆದು ಹಳೆಯದನ್ನು ರದ್ದು ಮಾಡಿ, ಅದು ತಾನಾಗಿ ರದ್ದಾಗುತ್ತದೆ ಅಂತ ನಂಬಬೇಡಿ.

ನಾಮಿನಿ ಬದಲಿಸಿ: ಬ್ಯಾಂಕ್, ಎಲ್‌ಐಸಿ, ಪಿಎಫ್, ಅಂಚೆ ಕಚೇರಿ, ನೌಕರಿಯ ಕಡತ. ಬ್ಯಾಂಕಿನ ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು ಅಷ್ಟೇ. ಜೀವ ವಿಮೆಯಲ್ಲಿ ಮಾತ್ರ 2015ರಿಂದ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ಹಣ ಅವರದೇ. ಮಗುವನ್ನು ನಾಮಿನಿ ಮಾಡಿದರೆ, 18 ತುಂಬುವವರೆಗೆ ಹಣ ಸ್ವೀಕರಿಸಲು ನೀವು ನಂಬುವ ಒಬ್ಬ ದೊಡ್ಡವರ ಹೆಸರನ್ನೂ ಅದೇ ಅರ್ಜಿಯಲ್ಲಿ ಕೊಡಿ. ರೇಷನ್ ಕಾರ್ಡ್ ಬೇರೆ ಮಾಡಿಸಿಕೊಳ್ಳುವುದನ್ನೂ ತಡ ಮಾಡಬೇಡಿ. ಗೃಹಲಕ್ಷ್ಮಿ ಹಣ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವವರಿಗೇ ಹೋಗುತ್ತದೆ.

ಮಗು ನಿಮ್ಮ ಹತ್ತಿರವಿದ್ದು ನಿಮಗೇ ಏನಾದರೂ ಆದರೆ? ತಂದೆ ಬದುಕಿದ್ದರೆ ಅವನೇ ಸಹಜ ಪೋಷಕ. ನಿಮ್ಮ ಉಯಿಲಿನಲ್ಲಿ ಅಕ್ಕನದೋ ಅಜ್ಜಿಯದೋ ಹೆಸರು ಬರೆದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆದರೂ ಬರೆಯಿರಿ. ಮಗು ಯಾರ ಹತ್ತಿರ ಬೆಳೆದಿದೆ, ಯಾರನ್ನು ಹಚ್ಚಿಕೊಂಡಿದೆ, ಯಾವ ಔಷಧ ತೆಗೆದುಕೊಳ್ಳುತ್ತದೆ ಅನ್ನುವುದನ್ನೂ ಸೇರಿಸಿ ಬರೆಯಿರಿ, ಯಾಕೆಂದರೆ ಮಗುವಿನ ಹಿತ ಎಲ್ಲಿದೆ ಅಂತ ಕೋರ್ಟ್ ನೋಡುವಾಗ ಅದು ಕೆಲಸಕ್ಕೆ ಬರುತ್ತದೆ. ಡಿಕ್ರಿಯ ದೃಢೀಕೃತ ನಕಲು ಎರಡು ಮೂರು ತೆಗೆಸಿ. ಒಂದನ್ನು ಉಯಿಲಿನ ಜೊತೆ ಇಟ್ಟು, ಅದು ಎಲ್ಲಿದೆ ಅಂತ ಆ ಅಕ್ಕನಿಗೋ ಅಜ್ಜಿಗೋ ಹೇಳಿರಿ.